ಓದುಗರ ಪ್ರಶ್ನೆ: ನೌಕರರ ಆರೋಗ್ಯ ಸೇವೆಯ ಟೆಂಡರಿನಲ್ಲಿ ಎಷ್ಟು ಟೆಸ್ಟ್ ಬರೆಸಬೇಕು?

"ನಮ್ಮದು ಸರ್ಕಾರಿ ಇಲಾಖೆ. ನೌಕರರ ಔದ್ಯೋಗಿಕ ಆರೋಗ್ಯ ಸೇವೆಯನ್ನು ಹೊರಗಿನ ಸಂಸ್ಥೆಗೆ ಗುತ್ತಿಗೆ ಕೊಡುವ ಫೈಲು ನನ್ನ ಟೇಬಲ್ಲಿಗೆ ಬಂದಿದೆ. ವರ್ಷಕ್ಕೊಮ್ಮೆ ಎಲ್ಲರಿಗೂ ಚೆಕಪ್ ಅಂತ ಯೋಚನೆ ಇದೆ. ತಲಾ ಎಷ್ಟು ಟೆಸ್ಟ್ ಬರೆಸಿದರೆ ಸರಿ? 40 ಸಾಕಾ, 60 ಬೇಕಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಕೇಳುವವರು ಬದಲಾಗುತ್ತಾರೆ, ಟೆಸ್ಟಿನ ಸಂಖ್ಯೆ ಏರುತ್ತದೆ, ಪ್ರಶ್ನೆ ಮಾತ್ರ ಅದೇ. ಇರಲಿ, ಇನ್ನೊಮ್ಮೆ.

ಚಿಕ್ಕ ಉತ್ತರ ಇಷ್ಟೇ. ಔದ್ಯೋಗಿಕ ಆರೋಗ್ಯ ಸೇವೆ ಅಂದರೆ ಕೆಲಸದಿಂದ ಕಾಯಿಲೆ ಬರದಂತೆ ನೋಡಿಕೊಳ್ಳುವ ಸೇವೆ. ಟೆಸ್ಟಿನ ಪಟ್ಟಿ ಪಕ್ಕಕ್ಕಿಡಿ. ಮೊದಲು ನಿಮ್ಮ ನೌಕರರು ಏನೇನು ಕೆಲಸ ಮಾಡುತ್ತಾರೆ, ಆ ಕೆಲಸದಲ್ಲಿ ಮೈಗೆ ಏನು ತಾಗುತ್ತದೆ ಅಂತ ಪಟ್ಟಿ ಮಾಡಿ. ಯಾರಿಗೆ ಯಾವ ಟೆಸ್ಟ್ ಅನ್ನುವುದು ಅದರಿಂದ ತಾನಾಗಿ ಹೊರಡುತ್ತದೆ. ಕೆಲವರಿಗೆ ಎರಡು ಬೇಕಾಗಬಹುದು. ಕೆಲವರಿಗೆ ಟೆಸ್ಟೇ ಬೇಡ, ಒಂದು ಒಳ್ಳೆಯ ಕುರ್ಚಿ ಸಾಕು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅನುಭವದಿಂದ ಗೊತ್ತು, ಇಷ್ಟು ಹೇಳಿದ ಮೇಲೂ "ಸರಿ ಸರ್, ಆದ್ರೂ 60 ಹಾಕಿಬಿಡೋಣ, ಜಾಸ್ತಿ ಇದ್ದರೆ ಏನು ನಷ್ಟ?" ಅನ್ನುವ ಮಾತು ಬಂದೇ ಬರುತ್ತದೆ. ಆದ್ದರಿಂದ ನಷ್ಟ ಏನು ಅಂತಲೇ ನೋಡೋಣ.

ವರ್ಷಕ್ಕೊಂದು ಫುಲ್ ಬಾಡಿ ಚೆಕಪ್ ಮಾಡಿಸಿದರೆ ಔದ್ಯೋಗಿಕ ಆರೋಗ್ಯ ಸೇವೆ ಕೊಟ್ಟಂತಾಯಿತು ಎಂಬ ನಂಬಿಕೆ ಇದೆಯಲ್ಲ, ಅದರಷ್ಟು ಗಟ್ಟಿ ಬೇರು ಬಿಟ್ಟ ತಪ್ಪು ತಿಳಿವಳಿಕೆ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಮೊದಲು ಲೆಕ್ಕ. ಲ್ಯಾಬ್ ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಒಂದು ಮಿತಿ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ 95 ಮಂದಿ ಒಳಗೆ ಬರುವಂತೆ ಆ ಗೆರೆ ಎಳೆದಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ನೂರು ಜನರಲ್ಲೂ ಐವರು ಆ ಗೆರೆಯಾಚೆ ಬೀಳುತ್ತಾರೆ. ಇದು ಒಂದು ಟೆಸ್ಟಿಗೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿದರೆ, ಕನಿಷ್ಠ ಒಂದರಲ್ಲಾದರೂ ಕೆಂಪು ಅಕ್ಷರ ಬರುವ ಸಂಭವ ಶೇ 64. 40 ಮಾಡಿದರೆ ಶೇ 87. ನಿಮ್ಮ 60ಕ್ಕೆ ಶೇ 95. ನಿಜವಾದ ಪ್ಯಾಕೇಜಿನಲ್ಲಿ ಕೆಲವು ಟೆಸ್ಟುಗಳು ಜೋಡಿಯಾಗಿ ಏರಿಳಿಯುವುದರಿಂದ ಅಂಕಿ ಸ್ವಲ್ಪ ಇಳಿಯುತ್ತದೆ, ಆದರೆ ಕಥೆ ಅದೇ. ಗಟ್ಟಿಮುಟ್ಟಾಗಿರುವ ಇಡೀ ಕಚೇರಿಯನ್ನು ಒಂದೇ ದಿನದಲ್ಲಿ ರೋಗಿಗಳನ್ನಾಗಿ ಮಾಡುವ ಉಪಾಯ ಇದು. ಅವರೆಲ್ಲ ಮುಂದಿನ ವಾರ ರಜೆ ಹಾಕಿ ಸ್ಕ್ಯಾನಿಂಗಿಗೆ ಕ್ಯೂ ನಿಲ್ಲುತ್ತಾರೆ. ಆ ಸ್ಕ್ಯಾನಿಂಗ್ ಗುತ್ತಿಗೆದಾರರದೇ ಆಸ್ಪತ್ರೆಯಲ್ಲಿ ನಡೆದರೆ ಲಾಭ ಯಾರಿಗೆ ಅಂತ ನಾನು ಬಿಡಿಸಿ ಹೇಳಬೇಕಾ?

"ಒಬ್ಬರ ಜೀವ ಉಳಿದರೂ ಸಾಕಲ್ವಾ?" ಅಂತ ಕೇಳುತ್ತಾರೆ. ಒಳ್ಳೆಯ ಮನಸ್ಸಿನ ಪ್ರಶ್ನೆಯೇ. ಇದನ್ನೇ ಪರೀಕ್ಷಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ 2019ರಲ್ಲಿ ಮತ್ತೊಮ್ಮೆ ವಿಮರ್ಶೆ ಪ್ರಕಟಿಸಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಫಲಿತಾಂಶ ಅದರಲ್ಲಿತ್ತು. ಲಕ್ಷಣವೇ ಇಲ್ಲದವರಿಗೆ ಸಾರಾಸಗಟಾಗಿ ಮಾಡುವ ಸಾಮಾನ್ಯ ತಪಾಸಣೆಯಿಂದ ಒಟ್ಟು ಸಾವಿನ ಪ್ರಮಾಣ ಇಳಿಯಲಿಲ್ಲ. ಬಿಪಿ, ಶುಗರ್ ನೋಡಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವಯಸ್ಸು, ಮನೆತನದ ಇತಿಹಾಸ ನೋಡಿಕೊಂಡು ಆಯ್ದ ಕೆಲವು ತಪಾಸಣೆ ಮಾಡಿಸಿಕೊಳ್ಳುವುದು ಜಾಣತನ. ಅದನ್ನು ನಿಮ್ಮ ಕುಟುಂಬದ ವೈದ್ಯರು ಮಾಡಲಿ.

ಲೆಕ್ಕಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಈ 60 ಟೆಸ್ಟುಗಳು ಕೆಲಸದಿಂದ ಬರುವ ಕಾಯಿಲೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಚರಂಡಿ ನಿರ್ವಹಣೆಯವರನ್ನು ತೆಗೆದುಕೊಳ್ಳಿ. ಅವರ ಥೈರಾಯ್ಡ್, ವಿಟಮಿನ್ ಡಿ ಎಲ್ಲ ಅಳೆದಿರಿ. ಮ್ಯಾನ್‌ಹೋಲಿನಲ್ಲಿ ಅವರನ್ನು ಕೊಲ್ಲುವುದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಗಾಳಿಯಲ್ಲಿ ಅದು 100 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ನೂರು ಪಾಲು, ದಾಟುವ ಹೊತ್ತಿಗೆ ಮೂಗು ವಾಸನೆ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ವಾಸನೆ ಹೋಯಿತು ಅಂತ ಇಳಿದವರು ಮೇಲೆ ಬರುವುದಿಲ್ಲ. ಇದಕ್ಕೆ ಯಾವ ರಕ್ತ ಪರೀಕ್ಷೆ ಮಾಡುತ್ತೀರಿ? ಬೇಕಾದದ್ದು ಮನುಷ್ಯ ಇಳಿಯದೆ ಯಂತ್ರ ಇಳಿಯುವ ವ್ಯವಸ್ಥೆ, ಗ್ಯಾಸ್ ಮೀಟರು, ಇಂಥ ಕೆಲಸ ನಿಲ್ಲಿಸಿ ಅಂತ ಬರೆದುಕೊಡುವ ಧೈರ್ಯದ ವೈದ್ಯರು.

ಎಕ್ಸ್‌ರೇ ವಿಭಾಗದವರ ಕಥೆ ಇನ್ನೂ ಸ್ವಾರಸ್ಯ. ವಿಕಿರಣ ಮೈಗೆ ತಾಗಿದೆಯೇ ಅಂತ ನೋಡಲು ಅವರಿಗೆ ತಪ್ಪದೆ ರಕ್ತಕಣಗಳ ಎಣಿಕೆ ಮಾಡಿಸುತ್ತಾರೆ. ಈ ಕೆಲಸಗಾರರಿಗೆ ಅಂತರರಾಷ್ಟ್ರೀಯ ಶಿಫಾರಸಿನ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣದ ಅಳತೆ). ರಕ್ತದ ಎಣಿಕೆಯಲ್ಲಿ ವ್ಯತ್ಯಾಸ ಕಾಣಬೇಕಾದರೆ ಅದರ ಎಷ್ಟೋ ಪಟ್ಟು ವಿಕಿರಣ ಒಮ್ಮೆಲೇ ತಾಗಿರಬೇಕು. ಎಣಿಕೆ ನಾರ್ಮಲ್ ಬಂತು ಅಂದರೆ ಏನೂ ತಿಳಿದಂತಾಗಲಿಲ್ಲ. ತಿಳಿಸುವುದು ಎದೆಯ ಮೇಲಿನ ಡೋಸ್ ಬ್ಯಾಡ್ಜು, ತಾಗಿದ ವಿಕಿರಣವನ್ನು ದಾಖಲಿಸುವ ಬಿಲ್ಲೆ. ಅದನ್ನು ಹಾಕಿಕೊಳ್ಳುತ್ತಾರಾ, ಡ್ರಾಯರಿನಲ್ಲಿ ಇಟ್ಟಿರುತ್ತಾರಾ ಅಂತ ಹೋಗಿ ನೋಡುವವರು ಬೇಕು.

ಸರಿಯಾದ ಟೆಸ್ಟನ್ನೇ ತಪ್ಪು ಹೊತ್ತಿನಲ್ಲಿ ಮಾಡಿ ಹಾಳು ಮಾಡುವುದೂ ಉಂಟು. ಸೊಳ್ಳೆ ಔಷಧಿ ಹೊಡೆಯುವವರು ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಬಳಸುತ್ತಿದ್ದರೆ, ಅದು ತಗ್ಗಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವದ ರಕ್ತ ಪರೀಕ್ಷೆ ಅವರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಮಟ್ಟ ಒಬ್ಬೊಬ್ಬರಿಗೆ ಒಂದೊಂದು. ಸಿಂಪಡಣೆ ಶುರುವಾಗುವ ಮೊದಲೇ ಆ ವ್ಯಕ್ತಿಯ ಸ್ವಂತ ಅಳತೆ ತೆಗೆದಿಟ್ಟರೆ ಮಾತ್ರ ಮುಂದೆ ಇಳಿದದ್ದು ಗೊತ್ತಾಗುತ್ತದೆ. ಶಿಬಿರ ಇರುವ ದಿನ ಒಂದೇ ಸಲ ಅಳೆದು "ನಾರ್ಮಲ್" ಅಂತ ಬರೆದರೆ, ಅರ್ಧಕ್ಕೆ ಇಳಿದದ್ದೂ ನಾರ್ಮಲ್ ಒಳಗೇ ಕಾಣಬಹುದು. ಕಿವಿಯ ಪರೀಕ್ಷೆಯೂ ಹಾಗೇ. ಜನರೇಟರ್ ಪಕ್ಕ ರಾತ್ರಿ ಪಾಳಿ ಮುಗಿಸಿ ಬಂದವರನ್ನು ಬೆಳಿಗ್ಗೆ ನೇರವಾಗಿ ಹೆಡ್‌ಫೋನ್ ಹಾಕಿ ಕೂರಿಸಿದರೆ, ದಣಿದ ಕಿವಿಯ ತಾತ್ಕಾಲಿಕ ಮಂಕು ಶಾಶ್ವತ ಕಿವುಡಿನಂತೆ ದಾಖಲಾಗುತ್ತದೆ. ಮೊದಲ ಪರೀಕ್ಷೆಗೆ ಮುಂಚೆ 14 ಗಂಟೆ ಗದ್ದಲದಿಂದ ದೂರ ಇರಬೇಕು ಅನ್ನುವ ಅಮೆರಿಕದ ನಿಯಮ ಸುಮ್ನೆ ಮಾಡಿದ್ದಲ್ಲ.

ಕಚೇರಿಯ ಹಾಲಿನಲ್ಲಿ ಶಾಮಿಯಾನದಂತೆ ಪರದೆ ಕಟ್ಟಿ, ಫ್ಯಾನು ತಿರುಗುತ್ತಿರುವಾಗಲೇ ಕಿವಿ ಪರೀಕ್ಷೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರೀಕ್ಷೆ ಮಾಡುತ್ತಿದ್ದ ಹುಡುಗ ಪಾಪ ದಿನಕ್ಕೆ ನೂರು ಜನರ ಗುರಿ ಇಟ್ಟುಕೊಂಡಿದ್ದ. ತಪ್ಪು ಅವನದಲ್ಲ. ತಲಾ ಇಷ್ಟು ಅಂತ ದುಡ್ಡು ಕೊಡುವ ಕರಾರು ಬರೆದವರದು.

1985ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, ಔದ್ಯೋಗಿಕ ಆರೋಗ್ಯ ಸೇವೆಗಳ ಬಗ್ಗೆಯೇ ಒಂದು ಒಡಂಬಡಿಕೆ ಮಾಡಿತು. ಅದರ ಸಂಖ್ಯೆ 161. ಮೊದಲನೇ ವಿಧಿಯಲ್ಲೇ ಈ ಸೇವೆಯ ಕೆಲಸ ಮುಖ್ಯವಾಗಿ ತಡೆಗಟ್ಟುವುದು ಮತ್ತು ಸಲಹೆ ಕೊಡುವುದು ಅಂತ ಹೇಳಿದೆ. ಸಾರ್ವಜನಿಕ ವಲಯದ ನೌಕರರೂ ಸೇರಬೇಕು ಅಂತ ಬಿಡಿಸಿ ಬರೆದಿದೆ. "ಸರ್ಕಾರಿ ಕೆಲಸದಲ್ಲಿ ಏನಪ್ಪಾ ಅಪಾಯ" ಅನ್ನುವವರಿಗೆ ಇದನ್ನು ತೋರಿಸಿ. ಅಗ್ನಿಶಾಮಕದವರು, ನರ್ಸುಗಳು, ಪಶುವೈದ್ಯರು, ಫೈರಿಂಗ್ ರೇಂಜಿನಲ್ಲಿ ಸೀಸದ ಧೂಳು ಕುಡಿಯುವ ಪೊಲೀಸ್ ತರಬೇತುದಾರರು, ಇವರೆಲ್ಲ ಯಾರ ನೌಕರರು?

ಸೇವೆಯನ್ನು ಹೊರಗಿನವರಿಗೆ ಕೊಡಬಹುದಾ ಅಂದರೆ, ಕೊಡಬಹುದು. ಒಂದು ಸಂಸ್ಥೆಗೇ ಮೀಸಲಾಗಿರಲಿ, ಹಲವು ಕಚೇರಿಗಳು ಸೇರಿ ಹಂಚಿಕೊಳ್ಳಲಿ, ಎರಡಕ್ಕೂ ಒಡಂಬಡಿಕೆಯಲ್ಲಿ ಜಾಗವಿದೆ. ಆದರೆ ನೌಕರರ ಸುರಕ್ಷತೆಯ ಜವಾಬ್ದಾರಿ ಮಾಲೀಕರದೇ ಆಗಿ ಉಳಿಯುತ್ತದೆ ಅಂತಲೂ ಅದು ಹೇಳುತ್ತದೆ. ಗುತ್ತಿಗೆ ಪತ್ರಕ್ಕೆ ಸಹಿ ಬಿದ್ದ ಕೂಡಲೇ ಇಲಾಖೆ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಹಾಗಾದರೆ ಟೆಂಡರಿನಲ್ಲಿ ಏನು ಬರೆಸಬೇಕು? ವೈದ್ಯರು ತಿಂಗಳಿಗೆ ಎಷ್ಟು ಗಂಟೆ ನೌಕರರು ಕೆಲಸ ಮಾಡುವ ಜಾಗದಲ್ಲೇ ಓಡಾಡಿ ನೋಡಬೇಕು ಅಂತ ಬರೆಸಿ. ಲ್ಯಾಬಿನಲ್ಲಿ ಕೂತ ಗಂಟೆ ಲೆಕ್ಕಕ್ಕಿಲ್ಲ. ಆ ವೈದ್ಯರಿಗೆ ಔದ್ಯೋಗಿಕ ಆರೋಗ್ಯದ ತರಬೇತಿ ಇರಬೇಕು, ಹೆಸರು ಕೊಟ್ಟವರೇ ಬರಬೇಕು. ಅವರ ಸಲಹೆಗೆ ಇಲಾಖೆ ಇಷ್ಟು ದಿನದೊಳಗೆ ಲಿಖಿತ ಉತ್ತರ ಕೊಡಬೇಕು ಅಂತಲೂ ಹಾಕಿ, ಇದು ನಿಮ್ಮನ್ನೇ ಕಟ್ಟಿಹಾಕುವ ಷರತ್ತು, ಹಾಗಾಗಿಯೇ ಯಾರೂ ಹಾಕುವುದಿಲ್ಲ. ಹಣ ಎರಡು ಭಾಗ ಮಾಡಿ. ಸಲಹೆ ಮತ್ತು ಭೇಟಿಗೆ ನಿಗದಿತ ಮೊತ್ತ, ಟೆಸ್ಟಿಗೆ ಒಂದೊಂದರ ದರ. ಪೂರ್ತಿ ತಲಾ ದರ ಇಟ್ಟರೆ ತಲೆ ಎಣಿಸುವವರೇ ಬರುತ್ತಾರೆ.

ಆಸ್ಪತ್ರೆ ಸಿಬ್ಬಂದಿ ಇದ್ದರೆ ಒಂದು ವಿಷಯ ಮರೆಯಬೇಡಿ. ಸೂಜಿ ಚುಚ್ಚಿದಾಗ ಎಚ್‌ಐವಿ ತಡೆಯುವ ಔಷಧಿ ಆದಷ್ಟು ಬೇಗ, ತಡ ಅಂದರೂ 72 ಗಂಟೆಯೊಳಗೆ ಶುರುವಾಗಬೇಕು. ಅಪಘಾತ ಶನಿವಾರ ರಾತ್ರಿ ಆಗುತ್ತದೆ. ಗುತ್ತಿಗೆದಾರರ ಫೋನು "ಸೋಮವಾರದಿಂದ ಶುಕ್ರವಾರ, 10ರಿಂದ 5" ಆದರೆ ಆ ಸೇವೆ ಇದ್ದೂ ಇಲ್ಲ. ಹೆಪಟೈಟಿಸ್ ಬಿ ಲಸಿಕೆ ಕೊಟ್ಟು ಸುಮ್ಮನಾಗುವುದೂ ಸಾಲದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ಷಣೆ ಬಂದಿದೆಯೇ ಅಂತ ರಕ್ತದಲ್ಲಿ ನೋಡಬೇಕು. ಇಂಥ ಟೆಸ್ಟಿಗೆ ದುಡ್ಡು ಹಾಕಿ, ನಾನೇ ಮೊದಲು ಒಪ್ಪುತ್ತೇನೆ.

ಇನ್ನು ರಿಪೋರ್ಟ್ ಯಾರಿಗೆ ಹೋಗಬೇಕು? ನೌಕರರಿಗೆ. ಮೇಲಧಿಕಾರಿಗೆ ಹೋಗಬೇಕಾದದ್ದು ಮೂರರಲ್ಲಿ ಒಂದು ಸಾಲು ಮಾತ್ರ: ಈ ಕೆಲಸಕ್ಕೆ ಯೋಗ್ಯ, ಈ ಕೆಲಸಕ್ಕೆ ಸದ್ಯ ಯೋಗ್ಯರಲ್ಲ, ಅಥವಾ ಇಂಥ ಷರತ್ತಿನ ಮೇಲೆ ಯೋಗ್ಯ. ಕಾಯಿಲೆಯ ಹೆಸರು ಬೇಡ. ರಜೆ ಹಾಕಿದವರು ನಿಜವಾಗಿ ಹುಷಾರಿಲ್ಲದೆ ಇದ್ದಾರಾ ಅಂತ ಪತ್ತೆ ಮಾಡಲು ಈ ವೈದ್ಯರನ್ನು ಕಳಿಸುವಂತಿಲ್ಲ. ಈ ಕೊನೆಯ ಮಾತು ನನ್ನ ಉಪದೇಶ ಅಂದುಕೊಳ್ಳಬೇಡಿ, ಅದೇ 161ರ 15ನೇ ವಿಧಿಯಲ್ಲಿದೆ. ತಪಾಸಣೆ ಉಚಿತವಾಗಿರಬೇಕು, ಸಂಬಳ ಕತ್ತರಿಸಬಾರದು, ಆದಷ್ಟು ಕೆಲಸದ ಹೊತ್ತಿನಲ್ಲೇ ಆಗಬೇಕು ಅನ್ನುವುದು 12ನೆಯದು. ಭಾನುವಾರ ಶಿಬಿರ ಇಡುವವರು ಒಮ್ಮೆ ಓದಲಿ.

ಇಷ್ಟು ಬರೆದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಗುತ್ತಿಗೆ ಮೂರು ವರ್ಷದ್ದು ಅನ್ನೋಣ. ಮುಗಿದ ಮೇಲೆ ದಾಖಲೆಗಳು ಎಲ್ಲಿ ಹೋಗುತ್ತವೆ?

ಹಳೆಯ ಕಟ್ಟಡದ ಚಾವಣಿಗೆ ತೂತು ಕೊರೆಯುವ ನಿರ್ವಹಣಾ ಸಿಬ್ಬಂದಿಯನ್ನು ನೆನೆಯಿರಿ. ಆ ಶೀಟಿನಲ್ಲಿ ಆಸ್ಬೆಸ್ಟಾಸ್ ಇದ್ದರೆ, ಅದರಿಂದ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಅಷ್ಟರಲ್ಲಿ ಅವರು ನಿವೃತ್ತರಾಗಿರುತ್ತಾರೆ. ಗುತ್ತಿಗೆದಾರರು ಹತ್ತು ಸಲ ಬದಲಾಗಿರುತ್ತಾರೆ, ಕೆಲವರು ಬಾಗಿಲು ಹಾಕಿರುತ್ತಾರೆ. ಪರಿಹಾರ ಕೇಳಲು ಹೋದಾಗ "ನೀವು ಆ ಕೆಲಸ ಮಾಡಿದ್ದಕ್ಕೆ ದಾಖಲೆ ಎಲ್ಲಿ?" ಅನ್ನುತ್ತಾರೆ. ಅಮೆರಿಕದ ನಿಯಮದಂತೆ ಇಂಥ ವೈದ್ಯಕೀಯ ದಾಖಲೆಯನ್ನು ನೌಕರಿಯ ಅವಧಿಯ ಜೊತೆಗೆ ಇನ್ನೂ 30 ವರ್ಷ ಇಡಬೇಕು. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯ ದಾಖಲೆಗೆ ಕೊನೆಯ ನಮೂದಿನಿಂದ 40 ವರ್ಷ.

ಕಿವಿಯದೂ ಇದೇ ಕಥೆ. ಗದ್ದಲದ ಪೆಟ್ಟು ಮೊದಲು ಕಿವಿ ಪರೀಕ್ಷೆಯ ಗ್ರಾಫಿನಲ್ಲಿ 4000 ಹರ್ಟ್ಸ್ ಆವರ್ತನದ (ಸ್ವರದ ಎತ್ತರದ) ಆಸುಪಾಸಿನಲ್ಲಿ ಸಣ್ಣ ಗುಂಡಿಯಾಗಿ ಕಾಣುತ್ತದೆ. ಹೋದ ಐದು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಗುಂಡಿ ಆಳವಾಗುತ್ತಿರುವುದು ಗೊತ್ತಾಗುತ್ತದೆ. ಪ್ರತಿ ಗುತ್ತಿಗೆದಾರರೂ ಮೊದಲಿಂದ ಶುರು ಮಾಡಿದರೆ ಪ್ರತಿ ವರ್ಷವೂ ಮೊದಲ ವರ್ಷವೇ.

ಆದ್ದರಿಂದ ಕರಾರಿನಲ್ಲಿ ದಾಖಲೆ ಇಲಾಖೆಯ ವೈದ್ಯಕೀಯ ಘಟಕದ ವಶಕ್ಕೆ, ಅಂಥದ್ದಿಲ್ಲದಿದ್ದರೆ ಗೋಪ್ಯತೆಗೆ ಬದ್ಧರಾದ ಒಬ್ಬ ವೈದ್ಯರ ವಶಕ್ಕೆ ಬರಬೇಕು ಅಂತ ಬರೆಸಿ. ಆಡಳಿತ ಶಾಖೆಯ ಕಪಾಟಿಗಲ್ಲ. "ನಾರ್ಮಲ್" ಅಂತ ಸೀಲು ಒತ್ತಿದ ಪಿಡಿಎಫ್ ಒಪ್ಪಿಕೊಳ್ಳಬೇಡಿ, ಕಿವಿ ಪರೀಕ್ಷೆಯದಾದರೆ ಪ್ರತಿ ಆವರ್ತನದ ಅಂಕಿ ಬೇಕು, ಬೇರೆಯವರ ಕಂಪ್ಯೂಟರಿನಲ್ಲೂ ತೆರೆಯಬೇಕು. ಕೊನೆಯ ಕಂತನ್ನು ತಡೆದಿಡಿ. ಗುತ್ತಿಗೆದಾರರು ಸಿ.ಡಿ.ಯೋ ಪೆನ್ ಡ್ರೈವೋ ತಂದು ಕೊಟ್ಟಾಗ ಸ್ವೀಕೃತಿಗೆ ಸಹಿ ಹಾಕುವ ಮೊದಲು ಆ ವೈದ್ಯರ ಕೈಲಿ ನಾಲ್ಕು ಫೈಲು ತೆಗೆಸಿ ನೋಡಿಸಿ. ತೆರೆದುಕೊಂಡರೆ ಬಿಲ್ ಪಾಸ್ ಮಾಡಿ.