ಹಗೇವಿನಿಂದ ರೇಷನ್ ಅಂಗಡಿವರೆಗೆ

2023ರ ಜೂನ್‌ನಲ್ಲಿ ದುಡ್ಡು ಕೊಡುತ್ತೇನೆ ಎಂದರೂ ಕರ್ನಾಟಕ ಸರ್ಕಾರಕ್ಕೆ ಅಕ್ಕಿ ಸಿಗಲಿಲ್ಲ. ಆಹಾರ ನಿಗಮದ ಗೋದಾಮಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತ್ತು. ಕೊನೆಗೆ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿ ಖಾತೆಗೆ ಬಂತು. ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತೂ ನಿಂತಿತು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ರಾಜಕೀಯ ಜಗಳ ಆಚೆಗಿರಲಿ. ಅಕ್ಕಿಯೊಂದನ್ನೇ ನಾವು ಇಷ್ಟು ನೆಚ್ಚಿಕೊಂಡಿದ್ದು ಹೇಗೆ?

ಹಳೇ ಮೈಸೂರಿನ ಬೆದ್ದಲು ಸೀಮೆಯಲ್ಲಿ, ಅಂದರೆ ಮಳೆ ನೆಚ್ಚಿದ ಒಣ ಹೊಲಗಳಲ್ಲಿ, ಊಟ ಅಂದರೆ ರಾಗಿ. ಅದಕ್ಕೆ ಹುಳ ಬೀಳುವುದು ಕಡಿಮೆ. ನೆಲ ಅಗೆದು ಮಾಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹೊಲದಲ್ಲೂ ರಾಗಿ ಒಂಟಿಯಲ್ಲ. ನಡುನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇರುತ್ತಿದ್ದವು. ಮುಂಗಾರು ಏರುಪೇರಾಗಿ ಒಂದು ಕೈಕೊಟ್ಟರೂ ಇನ್ನೊಂದು ಸಿಗುತ್ತಿತ್ತು.

ಹಾಗಂತ ಹಳೆಯ ಕಾಲ ಸುಖದ್ದಾಗಿರಲಿಲ್ಲ. 1876–78ರ ಧಾತು-ಈಶ್ವರ ಬರದಲ್ಲಿ ಮಳೆ ಮತ್ತೆ ಮತ್ತೆ ತಪ್ಪಿದಾಗ ಹಗೇವೂ ಸಾಲಲಿಲ್ಲ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 42 ಲಕ್ಷದಷ್ಟಾಯಿತು.

1960ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಗೋಧಿ, ಭತ್ತಕ್ಕೆ ಹೊಸ ತಳಿ, ನಾಲೆ ನೀರು, ಗೊಬ್ಬರ, ಖಾತ್ರಿ ಬೆಲೆ ಎಲ್ಲವೂ ಸಿಕ್ಕವು. ಹಸಿವು ತಗ್ಗಿದ್ದು ನಿಜ. ಇಳುವರಿ ಇಲ್ಲದ್ದಕ್ಕೇ ರಾಗಿ ಹಿಂದೆ ಬಿತ್ತು ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸೇರಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು, ಇಳುವರಿ ಜಾಸ್ತಿಯಾಯಿತು. ಆದರೆ ರೇಷನ್ ಅಂಗಡಿಗೆ ಬರುತ್ತಿದ್ದುದು ಅಕ್ಕಿ, ಗೋಧಿ. ಕೊಳ್ಳುವವರೇ ಇಲ್ಲದಿದ್ದರೆ ರೈತ ಯಾಕೆ ಬೆಳೆಯುತ್ತಾನೆ, ಅಲ್ವಾ?

2013ರ ಆಹಾರ ಭದ್ರತಾ ಕಾಯ್ದೆ ಸಿರಿಧಾನ್ಯವನ್ನೂ ರೇಷನ್ನಿಗೆ ಸೇರಿಸಿತು. ಈಗ ಸರ್ಕಾರವೇ ರಾಗಿ ಕೊಳ್ಳುತ್ತದೆ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಇದು ಒಳ್ಳೆಯದೇ. ಆದರೆ 2023ರ ಬರದಲ್ಲಿ ರಾಗಿಯೂ ಒಣಗಿತು. ಅಕ್ಕಿ ಬಿಟ್ಟು ರಾಗಿಯೊಂದನ್ನೇ ಹಿಡಿದರೆ ಮತ್ತೆ ಅದೇ ತಪ್ಪು. ತೊಗರಿಗೆ, ಹುಚ್ಚೆಳ್ಳಿಗೆ ಬೆಂಬಲ ಬೆಲೆ ಇದೆ, ಅವರೆಗೆ ಇಲ್ಲ. ಅಕ್ಕಡಿ ಸಾಲು ಉಳಿಯಬೇಕಾದರೆ ಸರ್ಕಾರ ಆ ಹೊಲದ ಎಲ್ಲ ಕಾಳನ್ನೂ ಕೊಳ್ಳಬೇಕು, ಅವರೆಯನ್ನೂ ಸೇರಿಸಿ.