ಮೊದಲ ರಿಪೋರ್ಟ್ ಎಲ್ಲಿ?

"ರಿಪೋರ್ಟ್ ಕ್ಲಿಯರ್ ಬಂದಿದೆ ಸಾರ್. ಇನ್ಯಾಕೆ ಬೋನ್ ಮ್ಯಾರೋ ಕಸಿ?"

ಕೋಲಾರದಲ್ಲಿ ರಕ್ತ ಕ್ಯಾನ್ಸರ್ ರೋಗಿಗಳನ್ನು ನೋಡುವ ದಿನ ಈ ಮಾತು ಕೇಳದೆ ನಾನು ಊಟಕ್ಕೆ ಎದ್ದಿದ್ದೇ ಇಲ್ಲ. ಎಎಂಎಲ್ ಅನ್ನುವ, ಬೇಗ ಬೆಳೆಯುವ ರಕ್ತ ಕ್ಯಾನ್ಸರ್‌ಗೆ ಮೊದಲ ಸುತ್ತಿನ ಕೀಮೋ ಮುಗಿದಿರುತ್ತದೆ. ಮನೆಯವರು ಕೊನೆಯ ರಿಪೋರ್ಟ್ ಮುಂದಿಡುತ್ತಾರೆ. ನಾನು ಮೊದಲನೆಯದನ್ನು ಕೇಳುತ್ತೇನೆ. ಅದು ಮನೆಯಲ್ಲಿರುತ್ತದೆ!

ಕ್ಲಿಯರ್ ಅಂದರೆ ಬೋನ್ ಮ್ಯಾರೋದಲ್ಲಿ, ಅಂದರೆ ರಕ್ತ ತಯಾರಾಗುವ ಮೂಳೆಯೊಳಗಿನ ಮಜ್ಜೆಯಲ್ಲಿ, ಕೆಟ್ಟ ಕಣ ನೂರಕ್ಕೆ 5ಕ್ಕಿಂತ ಕಡಿಮೆ ಅಂತ. ಸೊನ್ನೆ ಅಂತಲ್ಲ. ಕಣ್ಣಿಗೆ ಬೀಳದ ಕಣಗಳು ಆಗಲೂ ಕೋಟಿಗಟ್ಟಲೆ ಇರಬಹುದು. ಅವು ಎಂಥವು ಅಂತ ಹೇಳುವುದು ಮೊದಲ ದಿನದ ಕ್ರೋಮೋಸೋಮ್ ರಿಪೋರ್ಟ್. ಅದರಲ್ಲಿ ಮೂರೋ ಹೆಚ್ಚೋ ದೋಷ ಇದ್ದರೆ ಅದನ್ನು ಕಾಂಪ್ಲೆಕ್ಸ್ ಅನ್ನುತ್ತೇವೆ. ಜೊತೆಗೆ ಕ್ಯಾನ್ಸರ್ ತಡೆಯುವ ಟಿಪಿ53 ಜೀನ್ ಕೆಟ್ಟಿದ್ದರೆ ಇನ್ನೂ ಕಷ್ಟ. ಇಂಥ ಕಣಗಳು ಬರೀ ಕೀಮೋಗೆ ಬಗ್ಗುವುದು ಕಡಿಮೆ. ಅದಕ್ಕೇ ಕಸಿ ಅನ್ನುವುದು.

ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರೊಬ್ಬರು "ಫಸಲು ಮುಗಿಸಿ ಬರ್ತೀನಿ" ಅಂದು ಹೋದರು. ಬಂದಾಗ ಕಾಯಿಲೆಯೂ ಜೊತೆಗೇ ವಾಪಸ್ ಬಂದಿತ್ತು. ಬೈಯಲು ಬಾಯಿ ಬರಲಿಲ್ಲ. ಅವರ ತಾಯಿಗೆ ಹೇಳಿದೆ: ಅಮ್ಮಾ, ಕಸಿ ರಕ್ತ ತುಂಬಿಸೋಕಲ್ಲ. ಕೀಮೋ ಕಳ್ಳರನ್ನು ಓಡಿಸುತ್ತದೆ, ದಾನಿಯ ಕಣ ತೋಟದಲ್ಲೇ ಉಳಿದು ಕಾವಲು ಕಾಯುತ್ತದೆ. ಅಡಗಿ ಕೂತವನನ್ನು ಹುಡುಕಿ ಹೊಡೆಯುತ್ತದೆ. "ಕಾವಲುಗಾರ ಮನೆಯವರನ್ನೇ ಹೊಡೆದರೆ?" ಅಂದರು ಆಕೆ. ಎಂಥ ಪ್ರಶ್ನೆ ನೋಡಿ! ಹೌದು, ಹೊಡೆಯುತ್ತಾನೆ. ಚರ್ಮ, ಕರುಳು, ಲಿವರ್ ಮೇಲೆ ಬೀಳುತ್ತಾನೆ. ಅದಕ್ಕೇ ತಿಂಗಳುಗಟ್ಟಲೆ ಮಾತ್ರೆ ಕೊಡುವುದು.

ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಕಾಂಪ್ಲೆಕ್ಸ್ ಇದ್ದವರಲ್ಲಿ ಕಸಿಯ ನಂತರವೂ ಕಾಯಿಲೆ ಮರುಕಳಿಸದೆ ಉಳಿಯುವವರು ಮೂವರಲ್ಲಿ ಒಬ್ಬರ ಆಸುಪಾಸು. ಟಿಪಿ53 ಕೆಟ್ಟಿದ್ದರೆ ಅದಕ್ಕಿಂತ ಕಡಿಮೆ. ಮರುಕಳಿಸುವುದು ಜಾಸ್ತಿ ಮೊದಲ ಒಂದೆರಡು ವರ್ಷದಲ್ಲೇ. ವಯಸ್ಸು, ಹೃದಯ, ಸೋಂಕು ನೋಡಿ ಕೆಲವರಿಗೆ ನಾನೇ ಬೇಡ ಅಂದಿದ್ದೇನೆ. ಆದರೆ ಕಸಿ ಮಾಡುವುದಾದರೆ ರಿಪೋರ್ಟ್ ಕ್ಲಿಯರ್ ಇರುವಾಗಲೇ ಮಾಡಬೇಕು. ನೀವು ಬೇಡ ಅನ್ನಲು ಕೊಡುವ ಕಾರಣವೇ ನಾವು ಅವಸರ ಮಾಡಲು ಕಾರಣ.

ರಕ್ತದ ಗುಂಪು ಬೇರೆ ಅಂತ ಹೆದರಬೇಡಿ. ಹೊಂದಬೇಕಾದ್ದು ಎಚ್‌ಎಲ್‌ಎ, ಅಂದರೆ ತನ್ನ ಕಣ ಯಾವುದು, ಪರರದ್ದು ಯಾವುದು ಅಂತ ದೇಹ ಕಂಡುಹಿಡಿಯುವ ಗುರುತು. ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25. ಯಾರೂ ಹೊಂದದಿದ್ದರೆ ಅಪ್ಪ, ಅಮ್ಮ, ಮಕ್ಕಳಿಂದ ಅರ್ಧ ಹೊಂದಾಣಿಕೆಯಲ್ಲೂ ಈಗ ಮಾಡುತ್ತೇವೆ. ದಾನಿಗೆ ನಾಲ್ಕೈದು ದಿನ ಇಂಜೆಕ್ಷನ್, ಆಮೇಲೆ ತೋಳಿನಿಂದ ಕಣ ತೆಗೆಯುವುದು, ಸಾಮಾನ್ಯವಾಗಿ ಅಷ್ಟೇ. ಬೆನ್ನುಮೂಳೆಗೆ ಯಾರೂ ಕೈ ಹಾಕುವುದಿಲ್ಲ.

ಕೀಮೋ ನಡೆಯುವಾಗಲೇ ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಪರೀಕ್ಷೆ ಮಾಡಿಸಿಕೊಂಡುಬಿಡಿ. ಮದನಪಲ್ಲಿಗೆ ಮದುವೆ ಮಾಡಿ ಕೊಟ್ಟ ತಂಗಿಯನ್ನೂ ಕರೆಸಿ. ಅವಳ ಅತ್ತೆ ಒಪ್ಪದಿದ್ದರೆ ನಂಬರ್ ಕೊಡಿ. ನನಗೆ ತೆಲುಗು ಬರುತ್ತದೆ.