ರೆಕ್ಕೆ ಬಾಗುವುದನ್ನು ಕಂಡವರು

ವಿಮಾನಗಳ ಚಿತ್ರ ಬರೆಯುವುದು ನನ್ನ ಕಸುಬು. ಶುರುವಿನ ದಿನಗಳಲ್ಲಿ ಮೋಡಗಳ ಮೇಲೆ ಹಾರುತ್ತಿರುವ ಒಂದು ದೊಡ್ಡ ಜೆಟ್ ಬರೆದಿದ್ದೆ. ನಕ್ಷೆ ಮುಂದಿಟ್ಟುಕೊಂಡು, ಅಳತೆ ಹಿಡಿದು, ಕಿಟಕಿಗಳನ್ನೂ ಎಣಿಸಿ ಬರೆದಿದ್ದೆ. ವಿಮಾನ ರಿಪೇರಿಯಲ್ಲೇ ಜೀವಮಾನ ಕಳೆದ ಹಿರಿಯರೊಬ್ಬರು ಅದನ್ನು ನೋಡಿ, "ಇದು ಹಾರ್ತಾ ಇಲ್ಲ, ನಿಂತಿದೆ" ಅಂದರು. ಬೆರಳಿಟ್ಟು ರೆಕ್ಕೆ ತೋರಿಸಿದರು.

ನೆಲದ ಮೇಲಿರುವಾಗ ರೆಕ್ಕೆ ತನ್ನ ಭಾರಕ್ಕೆ, ಒಳಗೆ ತುಂಬಿದ ಇಂಧನದ ಭಾರಕ್ಕೆ ಸ್ವಲ್ಪ ಕೆಳಗೆ ಜಗ್ಗಿರುತ್ತದೆ. ಹಾರುವಾಗ ಇಡೀ ವಿಮಾನವನ್ನು ಎತ್ತಿ ಹಿಡಿಯುವುದು ಅದೇ ರೆಕ್ಕೆ. ಆಗ ಅದರ ತುದಿ ಮೇಲಕ್ಕೆ ಬಾಗುತ್ತದೆ. ನನ್ನ ಚಿತ್ರದಲ್ಲಿ ಚಕ್ರಗಳು ಒಳಗೆ ಹೋಗಿದ್ದವು, ರೆಕ್ಕೆ ಮಾತ್ರ ಇನ್ನೂ ನೆಲದ ಮೇಲೇ ಇತ್ತು. ಎರಡು ತಿಂಗಳ ಕೆಲಸ ಅದು. ಪೂರ್ತಿ ಹೊಸದಾಗಿ ಬರೆದೆ.

ಅವತ್ತಿನಿಂದ ಈ ಕ್ಷೇತ್ರದ ದೊಡ್ಡವರ ಚಿತ್ರ ನೋಡುವಾಗ ಮೊದಲು ಹುಟ್ಟುವ ಪ್ರಶ್ನೆ ಒಂದೇ. ಇವರು ಇದಕ್ಕೂ ಮುಂಚೆ ಏನು ಮಾಡುತ್ತಿದ್ದರು? ಅಂದರೆ, ಇವರ ಕಣ್ಣು ಪಳಗಿದ್ದು ಎಲ್ಲಿ?

ಅಮೆರಿಕದ ಆರ್. ಜಿ. ಸ್ಮಿತ್ ಡಗ್ಲಾಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ನೌಕಾಪಡೆಯ ವಿಮಾನಗಳನ್ನು ಅವರು ಬರೆದರೆ ತಗಡಿನ ಕೆಳಗೆ ಅಸ್ಥಿಪಂಜರ ಇದೆ ಅನ್ನಿಸುತ್ತದೆ. ಬ್ರಿಟನ್ನಿನ ರಾಯ್ ಕ್ರಾಸ್ ಫೇರಿ ವಿಮಾನ ಕಂಪನಿಗೆ ತಾಂತ್ರಿಕ ಚಿತ್ರ ಬರೆದು ಕೈ ಪಳಗಿಸಿಕೊಂಡವರು. 1964ರಿಂದ ಸುಮಾರು ಹತ್ತು ವರ್ಷ ಏರ್‌ಫಿಕ್ಸ್ ಆಟಿಕೆ ಮಾದರಿಗಳ ಡಬ್ಬಿಗೆ ಚಿತ್ರ ಬರೆದರು. ಡಬ್ಬಿಯ ಚಿತ್ರ ಅಂತ ಅದನ್ನು ಕಡೆಗಣಿಸುವವರ ಮಾತು ನಾನು ಒಪ್ಪುವುದಿಲ್ಲ. ಒಳಗಿದ್ದದ್ದು ಬೂದು ಪ್ಲಾಸ್ಟಿಕ್ ತುಂಡುಗಳು. ಅದು ವಿಮಾನ ಅಂತ ಮಕ್ಕಳಿಗೆ ಅನ್ನಿಸಿದ್ದು ಮುಚ್ಚಳದ ಮೇಲಿನ ಚಿತ್ರದಿಂದ, ಅಲ್ವಾ? ಕೀತ್ ಫೆರಿಸ್ ಸೇನಾ ಪೈಲಟ್ ಒಬ್ಬರ ಮಗ, ವಾಯುನೆಲೆಗಳಲ್ಲೇ ಬೆಳೆದವರು. ವಾಷಿಂಗ್ಟನ್‌ನ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಗೋಡೆಗೆ 1976ರಲ್ಲಿ ಅವರು ಬರೆದ ಬಿ-17 ಬಾಂಬರ್ 25 ಅಡಿ ಎತ್ತರ, 75 ಅಡಿ ಅಗಲ ಇದೆ.

ಬಾಹ್ಯಾಕಾಶದ ಮಾತು ಬಂದರೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಅಲ್ಲಿ ನೋಡಿ ಬರೆಯುವುದಕ್ಕೆ ಯಾರೂ ಹೋಗಿರಲಿಲ್ಲವಲ್ಲ.

ಚೆಸ್ಲಿ ಬೋನ್‌ಸ್ಟೆಲ್ ಹುಟ್ಟಿದ್ದು 1888ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹದಿಹರೆಯದಲ್ಲಿ ಲಿಕ್ ವೀಕ್ಷಣಾಲಯದ ದೂರದರ್ಶಕದಲ್ಲಿ ಶನಿಯನ್ನು ನೋಡಿ ಬಂದು ಅದರ ಚಿತ್ರ ಬರೆದರು. 1906ರ ಭೂಕಂಪದ ಬೆಂಕಿಯಲ್ಲಿ ಆ ಚಿತ್ರ ಹೋಯಿತು. ಆಮೇಲೆ ವಾಸ್ತುಶಿಲ್ಪಕ್ಕೆ ಬಂದರು. ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದಲ್ಲಿ ಅವರ ಕೈಯಿದೆ. ಗೋಲ್ಡನ್ ಗೇಟ್ ಸೇತುವೆ ಕಟ್ಟುವ ಮೊದಲೇ ಅದು ಹೇಗೆ ಕಾಣುತ್ತದೆ ಅಂತ ಬರೆದು ತೋರಿಸಿದರು. ವಯಸ್ಸು ಐವತ್ತರ ಹೊತ್ತಿಗೆ ಹಾಲಿವುಡ್‌ಗೆ ಹೋಗಿ ಸಿನಿಮಾಗಳ ಹಿನ್ನೆಲೆ ದೃಶ್ಯಗಳನ್ನು ಬರೆದರು. ಇಲ್ಲದ ಕಟ್ಟಡವನ್ನು ಇದೆ ಅನ್ನಿಸುವ ಹಾಗೆ ಬರೆಯುವ ಕೆಲಸ. 1944ರಲ್ಲಿ ಲೈಫ್ ಪತ್ರಿಕೆಯಲ್ಲಿ ಶನಿಗ್ರಹದ ಚಿತ್ರಗಳು ಬಂದಾಗ ಈ ಮೂರೂ ಕೆಲಸಗಳ ಅನುಭವ ಒಟ್ಟಿಗೆ ಸೇರಿತ್ತು. ಟೈಟನ್ ಉಪಗ್ರಹದ ಮೇಲಿಂದ ಶನಿ ಎಷ್ಟು ದೊಡ್ಡದಾಗಿ ಕಾಣಬೇಕು ಅಂತ ಲೆಕ್ಕ ಹಾಕಿದರು. ಆ ಲೆಕ್ಕವನ್ನು ಛಾಯಾಚಿತ್ರದ ಹಾಗೆ ಬರೆದರು.

ಆದರೆ ಅವರ ಚಂದ್ರ ತಪ್ಪಾಗಿತ್ತು. ಗಾಳಿ ಇಲ್ಲ, ಮಳೆ ಇಲ್ಲ, ಹಾಗಾಗಿ ಬೆಟ್ಟಗಳು ಸವೆದಿರುವುದಿಲ್ಲ ಅಂತ ಅವರು ತರ್ಕ ಮಾಡಿ, ಚೂಪು ಚೂಪಾದ ಶಿಖರಗಳನ್ನು ಬರೆದರು. ನಿಜದಲ್ಲಿ ಸಣ್ಣ ಸಣ್ಣ ಉಲ್ಕೆಯ ಕಣಗಳು ಕೋಟ್ಯಂತರ ವರ್ಷ ಬಡಿದು ಆ ಬೆಟ್ಟಗಳ ತಲೆಯನ್ನು ದುಂಡಗೆ ಮಾಡಿವೆ. ಬಾಸ್ಟನ್ ವಿಜ್ಞಾನ ಸಂಗ್ರಹಾಲಯಕ್ಕೆ 1957ರಲ್ಲಿ ಅವರು ಬರೆದ 40 ಅಡಿ ಉದ್ದದ ಚಂದ್ರನ ಚಿತ್ರವನ್ನು, ಮನುಷ್ಯ ಅಲ್ಲಿಗೆ ಹೋಗಿ ಬಂದ ಮೇಲೆ 1970ರಲ್ಲಿ ಇಳಿಸಿಬಿಟ್ಟರು.

ಇದನ್ನು ಸರಿಯಾಗಿ ಬರೆದವರು ಅವರಿಗಿಂತ ಮುಂಚೆಯೇ ಇದ್ದರು. ಫ್ರಾನ್ಸಿನ ಲೂಸಿಯನ್ ರುಡೋ. ಅವರು ಖಗೋಳ ವೀಕ್ಷಕರು, ನಾರ್ಮಂಡಿಯಲ್ಲಿ ಅವರದ್ದೇ ವೀಕ್ಷಣಾಲಯ ಇತ್ತು. ಚಂದ್ರನ ಅಂಚನ್ನು ದೂರದರ್ಶಕದಲ್ಲಿ ನೋಡಿದರೆ ಬೆಟ್ಟಗಳ ಪಕ್ಕದ ನೋಟ ಸಿಗುತ್ತದೆ. ಅಲ್ಲಿ ಅವರಿಗೆ ಕಂಡದ್ದು ದುಂಡನೆಯ ದಿಬ್ಬಗಳು. ಅದನ್ನೇ ಬರೆದರು. ಜನ ಮಾತ್ರ ಬೋನ್‌ಸ್ಟೆಲ್ ಅವರ ಚಂದ್ರನನ್ನೇ ಜಾಸ್ತಿ ನಂಬಿದರು. ನನಗೆ ಬೋನ್‌ಸ್ಟೆಲ್ ಮೇಲೆ ಪ್ರೀತಿ ಜಾಸ್ತಿ, ಆದರೆ ಚಂದ್ರನ ವಿಷಯದಲ್ಲಿ ನನ್ನ ಗುರು ರುಡೋ.

ಚಂದ್ರನನ್ನು ಬರೆಯುವವರಿಗೆ ಇನ್ನೊಂದು ಕಷ್ಟ ಇದೆ. ಭೂಮಿಯ ಮೇಲೆ ದೂರ ತೋರಿಸಬೇಕಾದರೆ ನಾವು ಬೆಟ್ಟಕ್ಕೆ ಒಂಚೂರು ನೀಲಿ ಬೆರೆಸಿ ಮಸುಕು ಮಾಡುತ್ತೇವೆ. ಆ ಮಸುಕು ಗಾಳಿಯದ್ದು. ಗಾಳಿಯೇ ಇಲ್ಲದ ಕಡೆ ಹತ್ತು ಮೀಟರ್ ಆಚೆಯ ಕಲ್ಲೂ ಹತ್ತು ಕಿಲೋಮೀಟರ್ ಆಚೆಯ ಗುಡ್ಡವೂ ಅಷ್ಟೇ ಸ್ಪಷ್ಟ. ಆಕಾಶ ಕಪ್ಪು, ನೆಲ ಬೂದು. ಕುಂಚ ಹಿಡಿದವರ ಕೈ ಕಟ್ಟಿದ ಹಾಗೆ.

ಇಲ್ಲಿ ಆಲನ್ ಬೀನ್ ಅವರ ಚಿತ್ರಗಳನ್ನು ಹತ್ತಿರದಿಂದ ನೋಡಬೇಕು. ನೌಕಾಪಡೆಯ ಪರೀಕ್ಷಾ ಪೈಲಟ್. 1969ರ ನವೆಂಬರ್‌ನಲ್ಲಿ ಅಪೋಲೊ 12ರಲ್ಲಿ ಹೋಗಿ ಚಂದ್ರನ ಮೇಲೆ ಕಾಲಿಟ್ಟ ನಾಲ್ಕನೆಯವರು. 1981ರಲ್ಲಿ ನಾಸಾ ಬಿಟ್ಟು ಪೂರ್ತಿ ಚಿತ್ರಕ್ಕೆ ಬಂದರು. ಮೊದಲು ಹಲಗೆಗೆ ದಪ್ಪ ಲೇಪ ಹಚ್ಚುತ್ತಿದ್ದರು. ಅದು ಒಣಗುವ ಮುಂಚೆ ಚಂದ್ರನಲ್ಲಿ ಬಳಸಿದ ಸುತ್ತಿಗೆಯಿಂದ ಕುಟ್ಟುತ್ತಿದ್ದರು, ಬೂಟಿನ ಅಚ್ಚು ಒತ್ತುತ್ತಿದ್ದರು. ತಮ್ಮ ಉಡುಪಿನ ಲಾಂಛನದ ಬಟ್ಟೆಗೆ ಚಂದ್ರನ ಧೂಳು ಮೆತ್ತಿಕೊಂಡಿತ್ತು. ಅದರ ಚೂರುಗಳನ್ನೂ ಚಿತ್ರಕ್ಕೆ ಸೇರಿಸಿದರು. ಬೂದು ನೆಲಕ್ಕೆ ನೇರಳೆ, ಕಿತ್ತಳೆ, ಹಸಿರು ಹಾಕಿದರು. ಅಲ್ಲಿ ಆ ಬಣ್ಣಗಳಿಲ್ಲ ಅಂತ ಕಣ್ಣಾರೆ ಕಂಡ ಮನುಷ್ಯ ಹಾಗೆ ಮಾಡಿದರು. ಗಾಳಿ ಕೊಡದ ದೂರವನ್ನು ಬಣ್ಣದ ಬಿಸಿ ತಂಪಿನಿಂದ ಕೊಟ್ಟರು. ಚಿತ್ರದಲ್ಲಿ ಕೈಬೆರಳು, ಪಟ್ಟಿ, ಹಗ್ಗ ಎಲ್ಲಿರಬೇಕೋ ಅಲ್ಲೇ ಇರುತ್ತವೆ. ಅದು ಪೈಲಟ್‌ನ ಶಿಸ್ತು.

ನಾಸಾ 1962ರಲ್ಲೇ ಕಲಾವಿದರನ್ನು ಒಳಗೆ ಬಿಡುವ ಯೋಜನೆ ಶುರು ಮಾಡಿತು. ಅದರಿಂದಲೇ ಪಾಲ್ ಕ್ಯಾಲೆಗೆ ಅಪೋಲೊ 11 ಹೊರಟ ಬೆಳಿಗ್ಗೆ ಮೂವರು ಗಗನಯಾತ್ರಿಗಳು ಉಡುಪು ತೊಡುವ ಕೋಣೆಯಲ್ಲಿ ಕೂತು ಬರೆಯುವ ಅವಕಾಶ ಸಿಕ್ಕಿತು. ಅವತ್ತು ಅಲ್ಲಿದ್ದ ಕಲಾವಿದ ಅವರೊಬ್ಬರೇ. ಅಮೆರಿಕದ ಚಂದ್ರಯಾನದ ಅಂಚೆಚೀಟಿಯ ಚಿತ್ರವೂ ಅವರದ್ದೇ.

ಸೋವಿಯತ್ ಗಗನಯಾತ್ರಿ ಅಲೆಕ್ಸಿ ಲಿಯೊನೊವ್ ಅವರದ್ದು ಇದೆಲ್ಲಕ್ಕಿಂತ ಚಿಕ್ಕ ಚಿತ್ರ. 1965ರ ಮಾರ್ಚ್ 18ರಂದು ನೌಕೆಯಿಂದ ಹೊರಗೆ ಬಂದ ಮೊದಲ ಮನುಷ್ಯ ಅವರು. 12 ನಿಮಿಷ ಹೊರಗಿದ್ದರು. ಉಡುಪು ಉಬ್ಬಿಕೊಂಡು, ಅದರಿಂದ ಗಾಳಿ ಬಿಟ್ಟು ಕಷ್ಟಪಟ್ಟು ಒಳಗೆ ಸೇರಿದರು. ಅದೇ ಯಾನದಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಸೂರ್ಯೋದಯ ಬರೆದರು. ತೇಲಿ ಹೋಗದಿರಲಿ ಅಂತ ಪೆನ್ಸಿಲ್‌ಗಳನ್ನು ದಾರದಿಂದ ಕೈಪಟ್ಟಿಗೆ ಕಟ್ಟಿಕೊಂಡಿದ್ದರು. ಕಾಗದದ ಮೇಲೆ ಭೂಮಿಯ ಅಂಚು, ಸೂರ್ಯ, ಕೆಂಪಿನಿಂದ ನೀಲಿಗೆ, ನೀಲಿಯಿಂದ ಕಪ್ಪಿಗೆ ತಿರುಗುವ ಒಂದು ಬಿಲ್ಲು. ಚಂದ್ರನ ಮೇಲೆ ಬೀನ್‌ಗೆ ಸಿಗದ ಗಾಳಿ ಇಲ್ಲಿ ಪೆನ್ಸಿಲ್ ಗೆರೆಯಷ್ಟು ತೆಳ್ಳಗೆ ಬಂದಿದೆ.